ಎನರ್ಜಿ ಪ್ಲ್ಯಾನ್‌ನಲ್ಲಿ ಗ್ರೀನ್ ಹೈಡ್ರೋಜನ್: ಪ್ರಾದೇಶಿಕ ಆಡಳಿತದವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಾದೇಶಿಕ ಆಡಳಿತಗಳಲ್ಲಿ ಎನರ್ಜಿ ಪ್ಲ್ಯಾನ್ ಮಾಡೋರ ಜೊತೆ ಕೂತು ಲೆಕ್ಕ ಹಾಕೋದೇ ನನ್ನ ಕೆಲಸ. ಎಲ್ಲಿಗೆ ಹೋದ್ರೂ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಬರ್ತವೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ, ಇವನ್ನ ಮೊದ್ಲೇ ಓದ್ಕೊಂಡು ಬಂದ್ರೆ ಮೀಟಿಂಗ್ ಟೈಮ್ ಪೂರ್ತಿ ನಿಮ್ಮ ಪ್ರದೇಶದ ಲೆಕ್ಕಕ್ಕೇ ಸಿಗತ್ತೆ.

ಗ್ರೀನ್ ಹೈಡ್ರೋಜನ್ ಅಂದ್ರೆ ಏನು, ಮಾಮೂಲಿ ಹೈಡ್ರೋಜನ್‌ಗೂ ಇದಕ್ಕೂ ಏನು ವ್ಯತ್ಯಾಸ?

ಗ್ಯಾಸ್ ಒಂದೇ, ಮಾಡೋ ದಾರಿ ಬೇರೆ. ನೀರಿಗೆ ಕರೆಂಟ್ ಹಾಯಿಸಿ ಹೈಡ್ರೋಜನ್ನು, ಆಕ್ಸಿಜನ್ನು ಬೇರೆ ಮಾಡೋ ಮಷೀನ್‌ಗೆ ಎಲೆಕ್ಟ್ರೊಲೈಜರ್ ಅಂತಾರೆ, ಆ ಕರೆಂಟ್ ಗಾಳಿ, ಬಿಸಿಲು, ಜಲವಿದ್ಯುತ್ ಇಂಥ ಮೂಲದಿಂದ ಬಂದಿದ್ರೆ ಸಿಗೋ ಹೈಡ್ರೋಜನ್‌ನ ಗ್ರೀನ್ ಅಂತ ಕರೀತಾರೆ. ಇವತ್ತು ಪ್ರಪಂಚದಲ್ಲಿ ತಯಾರಾಗೋದ್ರಲ್ಲಿ ಬಹುಪಾಲು ನ್ಯಾಚುರಲ್ ಗ್ಯಾಸ್ ಮತ್ತೆ ಕಲ್ಲಿದ್ದಲಿಂದಲೇ ಬರ್ತಿದೆ. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಲೆಕ್ಕದಲ್ಲಿ 2023ರ ಬಳಕೆ ಸುಮಾರು 97 ಮಿಲಿಯನ್ ಟನ್, ಅದರಲ್ಲಿ ಕಮ್ಮಿ ಕಾರ್ಬನ್‌ದು 1 ಮಿಲಿಯನ್ ಟನ್ ಕೂಡ ಇಲ್ಲ. ನ್ಯಾಚುರಲ್ ಗ್ಯಾಸಿಂದ 1 ಕೆಜಿ ಹೈಡ್ರೋಜನ್ ಮಾಡಿದ್ರೆ ಸುಮಾರು 9-10 ಕೆಜಿ ಕಾರ್ಬನ್ ಡೈ ಆಕ್ಸೈಡ್ ಗಾಳಿಗೆ ಸೇರತ್ತೆ.

ಇಲ್ಲೊಂದು ಎಚ್ಚರಿಕೆ. ಎಲೆಕ್ಟ್ರೊಲೈಜರ್ ಇದ್ದ ಮಾತ್ರಕ್ಕೆ ಗ್ರೀನ್ ಆಗಲ್ಲ. 1 ಕೆಜಿಗೆ 50ರಿಂದ 55 ಯೂನಿಟ್ ಕರೆಂಟ್ ಬೇಕು. ಯೂನಿಟ್‌ಗೆ 400 ಗ್ರಾಂ ಕಾರ್ಬನ್ (ಅಂದ್ರೆ ಕಾರ್ಬನ್ ಡೈ ಆಕ್ಸೈಡ್) ಬಿಡೋ ಗ್ರಿಡ್‌ನಿಂದ ಆ ಕರೆಂಟ್ ಎಳೆದ್ರೆ ಕೆಜಿಗೆ 20 ಕೆಜಿ ಮೇಲೆ ಕಾರ್ಬನ್ ಆಯ್ತು, ಅಂದ್ರೆ ನ್ಯಾಚುರಲ್ ಗ್ಯಾಸಿಂದ ಮಾಡೋದಕ್ಕಿಂತ ಎರಡು ಪಟ್ಟು ಕೆಟ್ಟದ್ದು. ಅದಕ್ಕೇ ದೇಶಗಳು ಮಿತಿ ಹಾಕಿವೆ. ಯುರೋಪಿಯನ್ ಯೂನಿಯನ್ ಲೆಕ್ಕದಲ್ಲಿ 1 ಕೆಜಿ ಹೈಡ್ರೋಜನ್‌ಗೆ ಸುಮಾರು 3.4 ಕೆಜಿ ದಾಟಬಾರದು, ಭಾರತ 2023ರಲ್ಲಿ ತಂದ ಮಾನದಂಡದಲ್ಲಿ 2 ಕೆಜಿ. ನಿಮಗೆ ಯಾವ ಮಿತಿ ಅನ್ವಯ ಆಗತ್ತೆ ಅನ್ನೋದನ್ನ ಪ್ಲ್ಯಾನ್‌ನ ಮೊದಲ ಪುಟದಲ್ಲೇ ಬರೀರಿ, ಆಮೇಲೆ ಜಗಳ ಬೇಡ.

ಇದು ಕೇಂದ್ರ ಸರ್ಕಾರ, ದೊಡ್ಡ ಕಂಪನಿಗಳ ವಿಷಯ ಅಲ್ವಾ? ನಮ್ಮಂಥ ಪ್ರಾದೇಶಿಕ ಆಡಳಿತಕ್ಕೆ ಇಲ್ಲೇನು ಕೆಲಸ?

ಸಬ್ಸಿಡಿ, ಟಾರ್ಗೆಟ್ಟು, ಸರ್ಟಿಫಿಕೇಟ್ ಇವೆಲ್ಲ ಮೇಲಿಂದ ಬರ್ತವೆ, ನಿಜ. ಆದ್ರೆ ಪ್ರಾಜೆಕ್ಟ್ ನಿಲ್ಲೋದು ನೆಲದ ಮೇಲೆ, ಆ ನೆಲದ ಬಗ್ಗೆ ತೀರ್ಮಾನ ತಗೊಳ್ಳೋರು ನೀವು. ಜಾಗದ ಬಳಕೆ ಯಾವುದು, ನೀರು ಯಾರಿಗೆ ಎಷ್ಟು, ಪರ್ಮಿಟ್ ಫೈಲ್ ಯಾವ ಟೇಬಲ್ ಮೇಲೆ ಎಷ್ಟು ತಿಂಗಳು ಕೂರತ್ತೆ, ಬಸ್ಸುಗಳ ಟೆಂಡರ್‌ನಲ್ಲಿ ಏನು ಬರೀತಾರೆ, ಫೈರ್ ಸರ್ವಿಸ್‌ಗೆ ಟ್ರೇನಿಂಗ್ ಯಾರು ಕೊಡ್ತಾರೆ, ಎಲ್ಲ ಪ್ರಾದೇಶಿಕ ಮಟ್ಟದಲ್ಲೇ ಆಗೋದು. ಅದಕ್ಕಿಂತ ದೊಡ್ಡ ಶಕ್ತಿ ಇನ್ನೊಂದಿದೆ: ಒಬ್ರಿಗೊಬ್ರು ಮಾಹಿತಿ ಕೊಡದ ಫ್ಯಾಕ್ಟರಿಗಳನ್ನ, ಗ್ರಿಡ್ ಕಂಪನಿಯನ್ನ, ನೀರಿನ ಇಲಾಖೆಯನ್ನ ಒಂದೇ ರೂಮಲ್ಲಿ ಕೂರಿಸೋಕೆ ಆಗೋದು ನಿಮಗೆ ಮಾತ್ರ. ಖಾಸಗಿಯವರು ಕರೆದ್ರೆ ಬರಲ್ಲ, ನೀವು ಕರೆದ್ರೆ ಬರ್ತಾರೆ.

ಎಲ್ಲಿಂದ ಶುರು ಮಾಡ್ಬೇಕು? ಎಷ್ಟು ಮೆಗಾವ್ಯಾಟ್ ಎಲೆಕ್ಟ್ರೊಲೈಜರ್ ಹಾಕೋದು ಅಂತ ನಿರ್ಧಾರ ಮಾಡೋದರಿಂದಾನಾ?

ದಯವಿಟ್ಟು ಅಲ್ಲಿಂದ ಬೇಡ. ನಾನು ನೋಡಿರೋ ಸೋತ ಪ್ಲ್ಯಾನ್‌ಗಳೆಲ್ಲ ಅಲ್ಲಿಂದಲೇ ಶುರು ಆಗಿದ್ವು. ಬಿಸಿಲು ಇದೆ, ಗಾಳಿ ಇದೆ, ಜಾಗ ಇದೆ, ಹಾಗಾಗಿ ಇಷ್ಟು ಮೆಗಾವ್ಯಾಟ್ ಅಂತ ಬರೆದುಬಿಡ್ತಾರೆ, ಕೊಳ್ಳೋರು ಯಾರು ಅನ್ನೋ ಕಾಲಂ ಖಾಲಿ ಇರತ್ತೆ. ಶುರು ಮಾಡ್ಬೇಕಾದ್ದು ಬಳಕೆಯಿಂದ. ಯಾರು, ಎಲ್ಲಿ, ಯಾವ ಇಂಧನ, ಎಷ್ಟು, ಯಾವ ಕೆಲಸಕ್ಕೆ ಸುಡ್ತಿದಾರೆ, ಎಷ್ಟು ಡಿಗ್ರಿ ಶಾಖ ಬೇಕು, ಆ ಬಾಯ್ಲರ್‌ಗೋ ಫರ್ನೇಸ್‌ಗೋ ಎಷ್ಟು ವಯಸ್ಸಾಗಿದೆ. ಈ ಕೊನೇ ಪ್ರಶ್ನೆಯನ್ನ ಜನ ಮರೀತಾರೆ, ಆದ್ರೆ 3 ವರ್ಷದ ಹಿಂದೆ ಹೊಸ ಬಾಯ್ಲರ್ ಹಾಕಿರೋರು ಇನ್ನು 15 ವರ್ಷ ಅದನ್ನ ಬದಲಾಯಿಸಲ್ಲ, ಅವರ ಹೆಸರನ್ನ 2030ರ ಡಿಮ್ಯಾಂಡ್‌ನಲ್ಲಿ ಸೇರಿಸಿದ್ರೆ ಆ ನಂಬರ್‌ಗೆ ಅರ್ಥ ಇಲ್ಲ.

ಒಂದು ಸಲ ಒಂದು ಆಡಳಿತದ ಮೀಟಿಂಗ್ ಹಾಲ್‌ನಲ್ಲಿ ದೊಡ್ಡ ಮ್ಯಾಪ್ ಹಾಸಿ, ಹೈಡ್ರೋಜನ್ ಬೇಕು ಅಂದ ಫ್ಯಾಕ್ಟರಿಗಳ ಮೇಲೆ ಕೆಂಪು ಪಿನ್ ಚುಚ್ಚಿದ್ವಿ. 11 ಪಿನ್ ಆಯ್ತು, ಎಲ್ಲರಿಗೂ ಖುಷಿ. ಆಮೇಲೆ ಪ್ರತಿಯೊಬ್ಬರ ಪ್ಲ್ಯಾಂಟ್ ಎಂಜಿನಿಯರ್‌ನ ಪಕ್ಕಕ್ಕೆ ಕೂರಿಸಿಕೊಂಡು ಎಷ್ಟು ಡಿಗ್ರಿ ಬೇಕು ಸರ್ ಅಂತ ಕೇಳ್ತಾ ಹೋದ್ವಿ. ಒಬ್ಬರಿಗೆ 90 ಡಿಗ್ರಿ, ಒಬ್ಬರಿಗೆ 140 ಡಿಗ್ರಿ ಸ್ಟೀಮ್, ಇನ್ನೊಬ್ಬರಿಗೆ 180. ಇವೆಲ್ಲ ಹೀಟ್ ಪಂಪ್ (ಸುತ್ತಲಿನ ಶಾಖವನ್ನ ಕರೆಂಟಿಂದ ಎಳೆದು ಕೊಡೋ ಮಷೀನ್), ಎಲೆಕ್ಟ್ರಿಕ್ ಬಾಯ್ಲರ್‌ನಲ್ಲೇ ಆಗೋ ಕೆಲಸ. ಸಂಜೆ ಹೊತ್ತಿಗೆ ಮ್ಯಾಪ್ ಮೇಲೆ ಉಳಿದಿದ್ದು 2 ಪಿನ್, ಒಂದು ಗೊಬ್ಬರದ ಪ್ಲ್ಯಾಂಟ್, ಒಂದು ರಿಫೈನರಿ. ಎರಡೂ ಆಗ್ಲೇ ಹೈಡ್ರೋಜನ್ ಬಳಸ್ತಾ ಇದ್ವು, ನ್ಯಾಚುರಲ್ ಗ್ಯಾಸಿಂದ ಮಾಡ್ಕೊಂಡು. ಆ ಅಧಿಕಾರಿಗೆ ಬೇಜಾರಾಯ್ತು, ಆದ್ರೆ ಆ 2 ಪಿನ್ ಸುತ್ತ ಕಟ್ಟಿದ ಪ್ಲ್ಯಾನ್ ಬ್ಯಾಂಕಿನವರು ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡ್ತು.

ಹಾಗಾದ್ರೆ ಯಾವ ಕೆಲಸಕ್ಕೆ ಹೈಡ್ರೋಜನ್ ಸರಿ, ಯಾವುದಕ್ಕೆ ಬೇಡ?

ಕರೆಂಟ್ ನೇರವಾಗಿ ಮಾಡೋಕೆ ಆಗದ ಕೆಲಸಕ್ಕೆ ಇಡಿ. ಮೊದಲ ಸಾಲಲ್ಲಿ ಬರೋದು ಹೈಡ್ರೋಜನ್‌ನ ಕಚ್ಚಾಮಾಲಾಗಿ ಬಳಸೋರು, ಅಂದ್ರೆ ಅಮೋನಿಯ (ಗೊಬ್ಬರ ಮಾಡೋಕೆ ಬೇಕಾಗೋದು), ಮೆಥನಾಲ್, ರಿಫೈನರಿ. 1 ಟನ್ ಅಮೋನಿಯಕ್ಕೆ ಸುಮಾರು 177 ಕೆಜಿ ಹೈಡ್ರೋಜನ್ ಬೇಕೇ ಬೇಕು, ಅದರ ಬದಲು ಇನ್ನೇನನ್ನೂ ಹಾಕೋಕೆ ಆಗಲ್ಲ. ಆಮೇಲೆ ಉಕ್ಕು, ಕಬ್ಬಿಣದ ಅದಿರಲ್ಲಿರೋ ಆಕ್ಸಿಜನ್ ತೆಗೆಯೋಕೆ ಕಲ್ಲಿದ್ದಲಿನ ಬದಲು ಹೈಡ್ರೋಜನ್, ಟನ್‌ಗೆ 50-55 ಕೆಜಿ. ಸ್ವೀಡನ್‌ನ ಲೂಲಿಯೋದಲ್ಲಿ ಹೈಬ್ರಿಟ್ ಅನ್ನೋ ಪೈಲಟ್ ಪ್ಲ್ಯಾಂಟ್ 2020ರಲ್ಲಿ ಶುರುವಾಗಿ, 2021ರಲ್ಲಿ ಹೈಡ್ರೋಜನ್‌ನಿಂದಲೇ ಸ್ಪಾಂಜ್ ಕಬ್ಬಿಣ ಮಾಡಿ ತೋರಿಸ್ತು. ದೂರದ ಹಡಗು, ವಿಮಾನದ ಇಂಧನ ಇವಕ್ಕೂ ಹೈಡ್ರೋಜನ್‌ನಿಂದ ಮಾಡಿದ ವಸ್ತು ಬೇಕಾಗತ್ತೆ.

ಕಾರು, ಮನೆ ಬಿಸಿ, ಕಮ್ಮಿ ಡಿಗ್ರಿ ಶಾಖ ಇವು ಪಟ್ಟಿಯ ಕೊನೆಯಲ್ಲಿ. ಪ್ಲ್ಯಾನ್‌ನಲ್ಲಿ ಇದನ್ನ ಸ್ಪಷ್ಟವಾಗಿ ಬರೀರಿ, ಬರೀದೆ ಇದ್ರೆ ಪ್ರತಿ ಇಲಾಖೆನೂ ತನಗೊಂದು ಹೈಡ್ರೋಜನ್ ಪೈಲಟ್ ಬೇಕು ಅಂತ ಬರತ್ತೆ, ಇರೋ ಸ್ವಲ್ಪ ಗ್ರೀನ್ ಕರೆಂಟ್ ಹತ್ತು ಕಡೆ ಹರಿದು ಹಂಚಿ ಹೋಗತ್ತೆ.

ಬಸ್ಸು, ರೈಲಿಗೆ ಹೈಡ್ರೋಜನ್ ಹಾಕೋದು ಜನರ ಕಣ್ಣಿಗೆ ಕಾಣೋ ಕೆಲಸ, ಅದರಿಂದ ಶುರು ಮಾಡಬಹುದಾ?

ಕಣ್ಣಿಗೆ ಕಾಣತ್ತೆ ಅನ್ನೋ ಕಾರಣಕ್ಕೇ ಬಹಳ ಜನ ಬಸ್ಸಿಂದ ಶುರು ಮಾಡಿದ್ರು. ಲೆಕ್ಕ ನೋಡಿ. ಹೈಡ್ರೋಜನ್ ಬಸ್ 100 ಕಿಲೋಮೀಟರ್‌ಗೆ ಸುಮಾರು 8 ಕೆಜಿ ತಿನ್ನತ್ತೆ. ಅದನ್ನ ಮಾಡೋಕೆ 400 ಯೂನಿಟ್ ಮೇಲೆ, ಒತ್ತಡ ಕೊಟ್ಟು ತುಂಬೋಕೆ ಇನ್ನೊಂದಷ್ಟು. ಬ್ಯಾಟರಿ ಬಸ್‌ಗೆ ಅದೇ ದೂರಕ್ಕೆ 120-150 ಯೂನಿಟ್ ಸಾಕು. ಮೂರು ಪಟ್ಟು ಕರೆಂಟ್. ಫ್ರಾನ್ಸ್‌ನ ಮಾಂಟ್‌ಪೆಲಿಯೆ ನಗರ 51 ಹೈಡ್ರೋಜನ್ ಬಸ್ ತಗೊಳ್ಳೋ ಪ್ಲ್ಯಾನನ್ನ 2022ರ ಜನವರಿಯಲ್ಲಿ ಕೈಬಿಡ್ತು, ಅವರ ಲೆಕ್ಕದಲ್ಲಿ ಹೈಡ್ರೋಜನ್ ಬಸ್ ಓಡಿಸೋ ಖರ್ಚು ಕಿಲೋಮೀಟರ್‌ಗೆ 0.95 ಯೂರೋ, ಬ್ಯಾಟರಿದು 0.15. ಬಸ್ ಕೊಳ್ಳೋಕೆ ಸಬ್ಸಿಡಿ ಇತ್ತು, ಓಡಿಸೋಕೆ ಇರಲಿಲ್ಲ. ಈ ಒಂದು ವಾಕ್ಯವನ್ನ ಟೆಂಡರ್ ಬರೆಯೋರು ಟೇಬಲ್ ಮೇಲೆ ಅಂಟಿಸ್ಕೋಬೇಕು.

ರೈಲಿನ ಕತೆನೂ ಅಷ್ಟೇ. ಜರ್ಮನಿಯ ಲೋವರ್ ಸ್ಯಾಕ್ಸನಿ 2022ರ ಆಗಸ್ಟ್‌ನಲ್ಲಿ ಒಂದು ಮಾರ್ಗ ಪೂರ್ತಿ 14 ಹೈಡ್ರೋಜನ್ ರೈಲು ಇಳಿಸ್ತು, ಪ್ರಪಂಚದಲ್ಲೇ ಮೊದಲು. ಮರುವರ್ಷ ಅದೇ ಪ್ರದೇಶದ ಸಾರಿಗೆ ಸಂಸ್ಥೆ, ಉಳಿದ ಡೀಸೆಲ್ ರೈಲುಗಳ ಜಾಗಕ್ಕೆ ಬ್ಯಾಟರಿ ರೈಲು ತಗೋತೀವಿ, ಓಡಿಸೋ ಖರ್ಚು ಕಮ್ಮಿ ಅಂತ ಹೇಳ್ತು. ಮೊದಲು ಪ್ರಯತ್ನ ಮಾಡಿದ್ದಕ್ಕೂ, ಆಮೇಲೆ ಅಂಕಿ ನೋಡಿ ದಾರಿ ಬದಲಿಸಿದ್ದಕ್ಕೂ ಅವರನ್ನ ಮೆಚ್ಚಬೇಕು. ಹೈಡ್ರೋಜನ್ ವಾಹನ ಯಾವತ್ತೂ ಬೇಡ ಅಂತ ಹೇಳ್ತಿಲ್ಲ, ಉದ್ದ ಮಾರ್ಗ, ಕಡಿದಾದ ಏರು, ಚಾರ್ಜ್ ಮಾಡೋಕೆ ಟೈಮೇ ಸಿಗದ ಶಿಫ್ಟ್ ಇದ್ರೆ ನೋಡಿ. ಆದ್ರೆ ಪ್ರತಿ ಮಾರ್ಗಕ್ಕೂ ಬ್ಯಾಟರಿ ಲೆಕ್ಕ ಪಕ್ಕದಲ್ಲಿಟ್ಟೇ ನೋಡಿ.

ಈಗಿರೋ ಗ್ಯಾಸ್ ಪೈಪ್‌ಗೆ ಹೈಡ್ರೋಜನ್ ಬೆರೆಸಿ ಮನೆಗಳಿಗೆ ಕೊಟ್ರೆ ಸುಲಭ ಅಲ್ವಾ?

ಸುಲಭ ಅನ್ಸತ್ತೆ, ಸಿಗೋದು ಕಮ್ಮಿ. ಹೈಡ್ರೋಜನ್ ತುಂಬಾ ಹಗುರ, ಅಷ್ಟೇ ಗಾತ್ರದ ನ್ಯಾಚುರಲ್ ಗ್ಯಾಸ್‌ನಲ್ಲಿರೋ ಶಕ್ತಿಯ ಮೂರನೇ ಒಂದು ಭಾಗಕ್ಕಿಂತ ಕಮ್ಮಿ ಅದರಲ್ಲಿ ಇರೋದು. ಹಾಗಾಗಿ ಪೈಪ್‌ನಲ್ಲಿ 20 ಪರ್ಸೆಂಟ್ ಬೆರೆಸಿದ್ರೂ ಕಾರ್ಬನ್ ಕಮ್ಮಿ ಆಗೋದು 6-7 ಪರ್ಸೆಂಟ್ ಅಷ್ಟೇ. ಮನೆ ಬಿಸಿ ಮಾಡೋಕೆ ಅಂದ್ರೆ ಇನ್ನೂ ಕಷ್ಟ, 1 ಯೂನಿಟ್ ಕರೆಂಟಿಂದ ಹೀಟ್ ಪಂಪ್ 3 ಯೂನಿಟ್ ಶಾಖ ಕೊಡತ್ತೆ, ಹೈಡ್ರೋಜನ್ ಮಾಡಿ ಬಾಯ್ಲರ್‌ನಲ್ಲಿ ಸುಟ್ರೆ 0.6 ಆಸುಪಾಸು. ಬ್ರಿಟನ್‌ನಲ್ಲಿ ವಿಟ್ಬಿ ಮತ್ತೆ ರೆಡ್‌ಕಾರ್ ಅನ್ನೋ ಎರಡು ಊರುಗಳಲ್ಲಿ ಮನೆಗಳಿಗೆ ಪೂರ್ತಿ ಹೈಡ್ರೋಜನ್ ಕೊಟ್ಟು ನೋಡೋ ಟ್ರಯಲ್ ಪ್ಲ್ಯಾನ್ ಆಗಿತ್ತು, 2023ರಲ್ಲೇ ಎರಡೂ ರದ್ದಾದವು. ವಿಟ್ಬಿಯಲ್ಲಿ ಜನರೇ ಗಟ್ಟಿಯಾಗಿ ವಿರೋಧಿಸಿದ್ರು.

20 ಮೆಗಾವ್ಯಾಟ್ ಪ್ಲ್ಯಾಂಟ್ ಅಂದ್ರೆ ನಿಜಕ್ಕೂ ಎಷ್ಟು ದೊಡ್ಡದು? ಮೆಗಾವ್ಯಾಟ್ ಕೇಳಿದ್ರೆ ಅಂದಾಜೇ ಆಗಲ್ಲ.

ಒಳ್ಳೆ ಪ್ರಶ್ನೆ, ಒಂದು ಕಾಗದ ತಗೊಳ್ಳಿ. 20 ಮೆಗಾವ್ಯಾಟ್ ಎಲೆಕ್ಟ್ರೊಲೈಜರ್ ವರ್ಷಕ್ಕೆ 4,000 ಗಂಟೆ ಫುಲ್ ಲೋಡ್‌ನಲ್ಲಿ ಓಡ್ತು ಅಂತ ಇಟ್ಕೊಳ್ಳಿ, 8 ಕೋಟಿ ಯೂನಿಟ್ ಕರೆಂಟ್. ಕೆಜಿಗೆ 52 ಯೂನಿಟ್ ಹಿಡಿದ್ರೆ ಸುಮಾರು 1,540 ಟನ್ ಹೈಡ್ರೋಜನ್. ಅದರಲ್ಲಿ ಅಮೋನಿಯ ಮಾಡಿದ್ರೆ 8,700 ಟನ್ ಆಗತ್ತೆ, ಉಕ್ಕಿನ ಕಬ್ಬಿಣಕ್ಕೆ ಬಳಸಿದ್ರೆ 28,000 ಟನ್. ದೊಡ್ಡ ಉಕ್ಕಿನ ಕಾರ್ಖಾನೆಗಳು ವರ್ಷಕ್ಕೆ ಲಕ್ಷಗಟ್ಟಲೆ ಟನ್ ಮಾಡ್ತವೆ ಅನ್ನೋದು ನೆನಪಿದ್ರೆ, 20 ಮೆಗಾವ್ಯಾಟ್ ಅವರಿಗೆ ಎಷ್ಟು ಚಿಕ್ಕದು ಅಂತ ಗೊತ್ತಾಗತ್ತೆ.

ನಿಜವಾದ ಉದಾಹರಣೆ ಬೇಕಾದ್ರೆ ಸ್ಪೇನ್‌ನ ಪುಯೆರ್ತೊಯಾನೊ ನೋಡಿ. 2022ರಲ್ಲಿ ಶುರುವಾಯ್ತು, 100 ಮೆಗಾವ್ಯಾಟ್ ಸೋಲಾರ್, 20 ಮೆಗಾವ್ಯಾಟ್ ಎಲೆಕ್ಟ್ರೊಲೈಜರ್, ಜೊತೆಗೊಂದು ಬ್ಯಾಟರಿ, ಪಕ್ಕದಲ್ಲೇ ಕೊಳ್ಳೋ ಗೊಬ್ಬರದ ಕಾರ್ಖಾನೆ. 20ಕ್ಕೆ 100 ಯಾಕೆ? ಬಿಸಿಲು ಇರೋದು ದಿನದ ಕೆಲವೇ ಗಂಟೆ, ಎಲೆಕ್ಟ್ರೊಲೈಜರ್ ಸುಮ್ಮನೆ ಕೂತ್ರೆ ನಷ್ಟ. ಈ ಅನುಪಾತ ನಿಮ್ಮ ಜಾಗದ ಲೆಕ್ಕಕ್ಕೆ ನೇರವಾಗಿ ಬರತ್ತೆ. ಎಲೆಕ್ಟ್ರೊಲೈಜರ್ ಒಂದು ಶೆಡ್‌ನಲ್ಲಿ ಹಿಡಿಯತ್ತೆ, ಅದಕ್ಕೆ ಕರೆಂಟ್ ಕೊಡೋ ಸೋಲಾರ್‌ಗೆ ನೂರು ಹೆಕ್ಟೇರ್‌ಗೂ ಮೇಲೆ ಬೇಕಾಗಬಹುದು.

ನಮ್ಮಲ್ಲಿ ಗಾಳಿ ಜಾಸ್ತಿ ಇದ್ದಾಗ ವಿಂಡ್ ಮಿಲ್ ನಿಲ್ಲಿಸ್ತಾರೆ. ಆ ವ್ಯರ್ಥ ಕರೆಂಟಲ್ಲೇ ಫ್ರೀಯಾಗಿ ಹೈಡ್ರೋಜನ್ ಮಾಡಬಹುದಲ್ವಾ?

ಬರೀ ಅದರಿಂದಲೇ ನಡೆಸೋದು ಕಷ್ಟ. ಗ್ರಿಡ್ ತಗೊಳ್ಳೋಕೆ ಆಗದೆ ವ್ಯರ್ಥ ಆಗೋ ಕರೆಂಟ್ ವರ್ಷದಲ್ಲಿ ಕೆಲವು ನೂರು ಗಂಟೆ ಸಿಕ್ಕೀತು, ಮಷೀನ್‌ನ ಬಡ್ಡಿ ಮಾತ್ರ 8,760 ಗಂಟೆನೂ ಓಡ್ತಿರತ್ತೆ. ಕರೆಂಟ್ ಫ್ರೀ ಆದ್ರೂ ಹೈಡ್ರೋಜನ್ ದುಬಾರಿ ಆಗತ್ತೆ. ಗ್ರಿಡ್ ದುರ್ಬಲವಾಗಿರೋ ದ್ವೀಪಗಳಲ್ಲಿ ಬೇರೆ ಪರಿಸ್ಥಿತಿ, ಸ್ಕಾಟ್ಲೆಂಡ್‌ನ ಆರ್ಕ್‌ನಿಯಲ್ಲಿ ಈಡೇ ಅನ್ನೋ ಪುಟ್ಟ ದ್ವೀಪದ ಗಾಳಿ ಮತ್ತೆ ಸಮುದ್ರದ ಉಬ್ಬರವಿಳಿತದ ಕರೆಂಟಿಂದ ಹೈಡ್ರೋಜನ್ ಮಾಡಿ ಹಡಗಲ್ಲಿ ಕರ್ಕ್‌ವಾಲ್‌ಗೆ ತಂದು ಬಂದರಿನ ಕೆಲಸಕ್ಕೆ ಬಳಸಿದ್ರು. ಕಲಿಯೋಕೆ ತುಂಬಾ ಒಳ್ಳೆ ಪ್ರಯೋಗ, ಆದ್ರೆ ದ್ವೀಪದ ಲೆಕ್ಕವನ್ನ ಹಾಗೇ ತಂದು ದೊಡ್ಡ ಗ್ರಿಡ್‌ಗೆ ಅಂಟಿಸ್ಬೇಡಿ.

ಯುರೋಪಿನ 2023ರ ನಿಯಮದ ಹಿಂದಿರೋ ಯೋಚನೆ ಎಲ್ಲರೂ ತಿಳ್ಕೋಬೇಕಾದ್ದು. ಎಲೆಕ್ಟ್ರೊಲೈಜರ್‌ಗೆ ಕೊಡೋ ಗ್ರೀನ್ ಕರೆಂಟ್ ಹೊಸದಾಗಿರ್ಬೇಕು, ಇರೋದನ್ನ ಮನೆಗಳಿಂದ ಕಿತ್ಕೊಂಡಿದ್ದಾಗಿರಬಾರದು. ಒಂದೇ ಗ್ರಿಡ್ ವಲಯದ್ದಾಗಿರ್ಬೇಕು. ಕರೆಂಟ್ ಹುಟ್ಟಿದ ಟೈಮಿಗೂ ಬಳಸಿದ ಟೈಮಿಗೂ ಹೊಂದಾಣಿಕೆ ಇರ್ಬೇಕು, 2029ರ ಕೊನೆವರೆಗೆ ತಿಂಗಳ ಲೆಕ್ಕ, 2030ರಿಂದ ಗಂಟೆ ಲೆಕ್ಕ ಅಂತ ಬರೆದಿದಾರೆ. ನಿಮ್ಮಲ್ಲಿ ಆ ನಿಯಮ ಇಲ್ಲದಿದ್ರೂ ಈ ಮೂರು ಪ್ರಶ್ನೆ ಪ್ರತಿ ಪ್ರಾಜೆಕ್ಟ್‌ಗೂ ಕೇಳಿ.

ನೀರು? ನಮ್ಮಲ್ಲಿ ಆಗ್ಲೇ ನೀರಿಗೆ ಕಷ್ಟ ಇದೆ.

ರಸಾಯನಶಾಸ್ತ್ರದ ಲೆಕ್ಕದಲ್ಲಿ 1 ಕೆಜಿಗೆ 9 ಲೀಟರ್ ಶುದ್ಧ ನೀರು. ಶುದ್ಧ ಮಾಡುವಾಗ ಹೋಗೋದು, ತಂಪು ಮಾಡೋಕೆ ಬೇಕಾಗೋದು ಎಲ್ಲ ಸೇರಿದ್ರೆ 20-30 ಲೀಟರ್ ಹಿಡಿದು ಪ್ಲ್ಯಾನ್ ಮಾಡಿ. ಮೇಲಿನ 20 ಮೆಗಾವ್ಯಾಟ್ ಪ್ಲ್ಯಾಂಟ್‌ಗೆ ವರ್ಷಕ್ಕೆ 3ರಿಂದ 4.6 ಕೋಟಿ ಲೀಟರ್ ಆಯ್ತು. ಇಡೀ ಪ್ರದೇಶದ ಒಟ್ಟು ಲೆಕ್ಕದಲ್ಲಿ ಇದು ಭಾರಿ ಅಲ್ಲ, ಆದ್ರೆ ಬೇಸಿಗೆಯಲ್ಲಿ ಬತ್ತೋ ಒಂದೇ ಒಂದು ಮೂಲದಿಂದ ಎತ್ತಿದ್ರೆ ಆ ಊರಿನವರಿಗೆ ಭಾರಿನೇ. ವರ್ಷದ ಸರಾಸರಿ ನೋಡ್ಬೇಡಿ, ಅತಿ ಒಣ ತಿಂಗಳು ನೋಡಿ.

ಆಡಳಿತದ ಕೈಲಿ ಇಲ್ಲೊಂದು ಒಳ್ಳೆ ಅವಕಾಶ ಇದೆ: ಚರಂಡಿ ನೀರು ಶುದ್ಧ ಮಾಡೋ ಘಟಕ ಸಾಮಾನ್ಯವಾಗಿ ನಿಮ್ಮದೇ. ಅಲ್ಲಿಂದ ಹೊರಬರೋ ನೀರನ್ನ ಇನ್ನೊಂದು ಹಂತ ಶುದ್ಧ ಮಾಡಿ ಎಲೆಕ್ಟ್ರೊಲೈಜರ್‌ಗೆ ಕೊಡಬಹುದು. ಪ್ರತಿ ಕೆಜಿ ಹೈಡ್ರೋಜನ್ ಜೊತೆ 8 ಕೆಜಿ ಆಕ್ಸಿಜನ್ ಹುಟ್ಟತ್ತೆ, ಹೆಚ್ಚಿನ ಕಡೆ ಅದನ್ನ ಸುಮ್ಮನೆ ಗಾಳಿಗೆ ಬಿಡ್ತಾರೆ, ಅದೇ ಚರಂಡಿ ಘಟಕದ ಟ್ಯಾಂಕ್‌ಗಳಿಗೆ ಆಕ್ಸಿಜನ್ ಬೇಕು. ಎರಡನ್ನೂ ಪಕ್ಕಪಕ್ಕ ಇಟ್ರೆ ಎರಡಕ್ಕೂ ಲಾಭ. ಎಲೆಕ್ಟ್ರೊಲೈಜರ್‌ನಿಂದ 50-60 ಡಿಗ್ರಿ ಶಾಖನೂ ಬರತ್ತೆ, ಚಳಿ ಪ್ರದೇಶದಲ್ಲಿ ಬಿಸಿನೀರಿನ ನೆಟ್‌ವರ್ಕ್ ಇದ್ರೆ ಅಲ್ಲಿಗೆ ಸೇರಿಸಿ. ಇದನ್ನ ಜಾಗ ಆಯ್ಕೆ ಮಾಡುವಾಗ್ಲೇ ಯೋಚಿಸ್ಬೇಕು, ಕಟ್ಟಿದ ಮೇಲೆ ಆಗಲ್ಲ.

ಸ್ಟೋರೇಜ್ ಎಲ್ಲಿ? ಪೈಪ್‌ಲೈನ್ ಬೇಕಾ?

ಕೊಳ್ಳೋರು ಪಕ್ಕದಲ್ಲಿದ್ರೆ ಎರಡೂ ಚಿಕ್ಕದಾಗತ್ತೆ. ಸ್ವಲ್ಪ ಪ್ರಮಾಣಕ್ಕೆ ಒತ್ತಡದ ಟ್ಯಾಂಕ್ ಸಾಕು. ಭಾರಿ ಪ್ರಮಾಣಕ್ಕೆ ಭೂಮಿಯೊಳಗಿನ ಉಪ್ಪಿನ ಗುಹೆಗಳು ಅಗ್ಗ, ಇಂಗ್ಲೆಂಡ್‌ನ ಟೀಸೈಡ್‌ನಲ್ಲಿ 1972ರಿಂದ ಹೈಡ್ರೋಜನ್ ಹಾಗೇ ಇಡ್ತಿದಾರೆ. ಉಪ್ಪಿನ ಪದರ ಎಲ್ಲ ಕಡೆ ಇರಲ್ಲ, ಅದಕ್ಕೆ ಲೂಲಿಯೋದಲ್ಲಿ ಬಂಡೆ ಕೊರೆದು ಸ್ಟೀಲ್ ಹೊದಿಸಿ 100 ಘನಮೀಟರ್‌ನ ಗುಹೆ ಮಾಡಿ 2022ರಿಂದ ಪರೀಕ್ಷೆ ಮಾಡಿದ್ರು. ನಿಮ್ಮ ಭೂಗರ್ಭ ಇಲಾಖೆಗೆ ಒಂದು ಪತ್ರ ಬರೆದು ಉಪ್ಪಿನ ಪದರ ಇದೆಯಾ ಅಂತ ಕೇಳೋಕೆ ಖರ್ಚೇನಿಲ್ಲ.

ಪೈಪ್‌ಲೈನ್ ವಿಷಯದಲ್ಲಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ 9,040 ಕಿಲೋಮೀಟರ್‌ನ ಮೂಲ ನೆಟ್‌ವರ್ಕ್‌ಗೆ ಒಪ್ಪಿಗೆ ಕೊಟ್ಟಿದೆ, ಸುಮಾರು 60 ಪರ್ಸೆಂಟ್ ಹಳೇ ಗ್ಯಾಸ್ ಪೈಪುಗಳನ್ನೇ ಬದಲಾಯಿಸಿ. ಇಂಥ ರಾಷ್ಟ್ರೀಯ ಮ್ಯಾಪ್ ನಿಮ್ಮಲ್ಲಿ ಇದ್ರೆ, ಅದು ನಿಮ್ಮ ಪ್ರದೇಶಕ್ಕೆ ಯಾವ ವರ್ಷ ಮುಟ್ಟತ್ತೆ ಅನ್ನೋದು ನಿಮ್ಮ ಪ್ಲ್ಯಾನ್‌ನ ಅರ್ಧ ನಿರ್ಧಾರ ಮಾಡತ್ತೆ.

ಸೇಫ್ಟಿ ಬಗ್ಗೆ ಜನ ಹೆದರ್ತಾರೆ. ಏನು ಹೇಳ್ಬೇಕು?

ನಿಜ ಹೇಳಿ. ಹೈಡ್ರೋಜನ್ ಗಾಳಿಯಲ್ಲಿ 4ರಿಂದ 75 ಪರ್ಸೆಂಟ್ ವರೆಗೆ ಯಾವ ಪ್ರಮಾಣದಲ್ಲಿ ಬೆರೆತಿದ್ರೂ ಹತ್ಕೊಳ್ಳತ್ತೆ, ಚಿಕ್ಕ ಕಿಡಿ ಸಾಕು. ಇನ್ನೊಂದು ಕಡೆ, ಗಾಳಿಗಿಂತ 14 ಪಟ್ಟು ಹಗುರ, ಬಯಲಲ್ಲಿ ಸೋರಿದ್ರೆ ಮೇಲಕ್ಕೆ ಹೋಗ್ಬಿಡತ್ತೆ, ಸೂರಿನ ಕೆಳಗೆ ಸಿಕ್ಕಿಹಾಕಿಕೊಂಡ್ರೆ ಅಪಾಯ. ಬಣ್ಣ ಇಲ್ಲ, ವಾಸನೆ ಇಲ್ಲ, ಉರಿ ಹಗಲಲ್ಲಿ ಕಣ್ಣಿಗೇ ಕಾಣಲ್ಲ. ಹಿಂದೆ ರಾಕೆಟ್ ಕೇಂದ್ರಗಳಲ್ಲಿ ಪೊರಕೆ ಮುಂದೆ ಚಾಚಿ ಹಿಡ್ಕೊಂಡು ನಡೀತಿದ್ರು, ಪೊರಕೆ ತುದಿ ಹತ್ಕೊಂಡ್ರೆ ಅಲ್ಲಿ ಉರಿ ಇದೆ ಅಂತ. ಈಗ ಥರ್ಮಲ್ ಕ್ಯಾಮೆರಾ, ಸೆನ್ಸರ್ ಇವೆ. ಆದ್ರೆ ನಿಮ್ಮ ಊರಿನ ಫೈರ್ ಸ್ಟೇಷನ್‌ನಲ್ಲಿ ಇದೆಯಾ? ಅದನ್ನ ಬಜೆಟ್‌ನಲ್ಲಿ ಹಾಕಿದೀರಾ?

2019ರ ಮೇನಲ್ಲಿ ದಕ್ಷಿಣ ಕೊರಿಯಾದ ಗಾಂಗ್‌ನುಂಗ್‌ನಲ್ಲಿ ಟ್ಯಾಂಕ್ ಸ್ಫೋಟ ಆಗಿ 2 ಜನ ಸತ್ರು, ಹೈಡ್ರೋಜನ್ ಒಳಗೆ ಆಕ್ಸಿಜನ್ ಸೇರಿಕೊಂಡಿತ್ತು. ಮರುತಿಂಗಳೇ ನಾರ್ವೆಯ ಓಸ್ಲೋ ಹತ್ರ ಒಂದು ಫಿಲ್ಲಿಂಗ್ ಸ್ಟೇಷನ್ ಸ್ಫೋಟ, ಟ್ಯಾಂಕಿನ ಒಂದು ಪ್ಲಗ್ ಸರಿಯಾಗಿ ಜೋಡಿಸಿರಲಿಲ್ಲ. ಇವನ್ನ ಸಾರ್ವಜನಿಕ ಸಭೆಯಲ್ಲಿ ನೀವೇ ಮೊದಲು ಹೇಳಿ, ಇದರಿಂದ ಕಲಿತು ನಾವು ಏನೇನು ಮಾಡ್ತೀವಿ ಅಂತ ಹೇಳಿ. ಬೇರೆಯವರು ಫೋನಲ್ಲಿ ವಿಡಿಯೋ ತೋರಿಸೋವರೆಗೆ ಕಾಯಬೇಡಿ. ರಿಫೈನರಿ, ಗೊಬ್ಬರದ ಕಾರ್ಖಾನೆಗಳಲ್ಲಿ ದಶಕಗಳಿಂದ ಹೈಡ್ರೋಜನ್ ಸುರಕ್ಷಿತವಾಗಿ ನಿಭಾಯಿಸ್ತಿರೋ ಕೆಲಸಗಾರರಿದಾರೆ, ಅವರನ್ನ ಸಭೆಗೆ ಕರೀರಿ. ಅವರ ಮಾತು ನನ್ನ ಸ್ಲೈಡಿಗಿಂತ ಎಷ್ಟೋ ಮೇಲು.

ಪರ್ಮಿಟ್‌ಗಳು ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ತವೆ?

ಯಾವ ಇಲಾಖೆಗೂ ಇದು ಪೂರ್ತಿ ತನ್ನದಲ್ಲ ಅನ್ನೋದೇ ಸಮಸ್ಯೆ. ಕರೆಂಟ್ ಒಬ್ರು, ನೀರು ಒಬ್ರು, ಅಪಾಯಕಾರಿ ವಸ್ತು ಒಬ್ರು, ಕಟ್ಟಡ ಇನ್ನೊಬ್ರು. ಒಬ್ಬ ಅಧಿಕಾರಿನ ಇಡೀ ಫೈಲ್‌ಗೆ ಜವಾಬ್ದಾರ ಮಾಡಿ, ಉಳಿದವರು ಅವರಿಗೆ ಉತ್ತರ ಕೊಡ್ಬೇಕು. ಸ್ಟೋರೇಜ್ ಪ್ರಮಾಣನೂ ನೋಡ್ಕೊಳ್ಳಿ, ಯುರೋಪಿನಲ್ಲಿ 5 ಟನ್ ದಾಟಿದ್ರೆ ದೊಡ್ಡ ಅಪಘಾತ ತಡೆ ನಿಯಮ ಅನ್ವಯ ಆಗತ್ತೆ, 50 ಟನ್ ದಾಟಿದ್ರೆ ಇನ್ನೂ ಬಿಗಿ. ಹೀಗೆ ಮಿತಿ ಗೊತ್ತಿದ್ರೆ ಡಿಸೈನ್ ಟೈಮಲ್ಲೇ 4.5 ಟನ್‌ಗೆ ನಿಲ್ಲಿಸೋದಾ, ದಾಟೋದಾ ಅಂತ ತೀರ್ಮಾನ ಮಾಡಬಹುದು. ಗ್ರಿಡ್ ಕನೆಕ್ಷನ್ ಅರ್ಜಿ ಎಲ್ಲಕ್ಕಿಂತ ಮೊದಲು ಹಾಕಿ, ಅದಕ್ಕೇ ವರ್ಷಗಳು ಹಿಡಿಯತ್ತೆ.

ದುಡ್ಡು ಎಲ್ಲಿಂದ? ಸಬ್ಸಿಡಿ ಸಿಕ್ರೆ ಸಾಕಲ್ವಾ?

ಸಾಕಾಗಲ್ಲ. ಗ್ರೀನ್ ಹೈಡ್ರೋಜನ್ ಬೆಲೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಮಾನ್ಯವಾಗಿ ಕರೆಂಟ್ ಖರ್ಚೇ, ಅದು ವರ್ಷವರ್ಷವೂ ಬರೋ ಖರ್ಚು. ಕಟ್ಟೋಕೆ ಒಂದು ಸಲ ಕೊಡೋ ಗ್ರ್ಯಾಂಟ್ ಅದನ್ನ ತುಂಬಲ್ಲ. ಯುರೋಪಿಯನ್ ಹೈಡ್ರೋಜನ್ ಬ್ಯಾಂಕ್ ಅದಕ್ಕೇ ಬೇರೆ ದಾರಿ ಹಿಡೀತು, ತಯಾರಾದ ಪ್ರತಿ ಕೆಜಿಗೆ ಇಷ್ಟು ಅಂತ ಹರಾಜಲ್ಲಿ ಕೊಡೋದು. 2024ರ ಏಪ್ರಿಲ್‌ನಲ್ಲಿ ಮೊದಲ ಹರಾಜಲ್ಲಿ 7 ಪ್ರಾಜೆಕ್ಟ್‌ಗೆ ಸುಮಾರು 720 ಮಿಲಿಯನ್ ಯೂರೋ ಘೋಷಣೆ ಆಯ್ತು, ಕೆಜಿಗೆ 0.37ರಿಂದ 0.48 ಯೂರೋ. ಸಬ್ಸಿಡಿ ಜೊತೆ ಕೊಳ್ಳೋರ ಸಹಿ ಇರೋ ದೀರ್ಘಾವಧಿ ಒಪ್ಪಂದ ಬೇಕು. ಆಸಕ್ತಿ ಇದೆ ಅನ್ನೋ ಪತ್ರ ಎಲ್ಲರೂ ಕೊಡ್ತಾರೆ, ಅದಕ್ಕೆ ಬೆಲೆ ಕೊಡ್ಬೇಡಿ. ಎಷ್ಟು ಟನ್, ಎಷ್ಟು ವರ್ಷ, ಯಾವ ರೇಟು, ತಗೊಳ್ಳದಿದ್ರೆ ಏನು ಅಂತ ಬರೆದಿದ್ರೆ ಮಾತ್ರ ಅದು ಡಿಮ್ಯಾಂಡ್.

ಹೈಡ್ರೋಜನ್ ವ್ಯಾಲಿ ಅಂತಾರಲ್ಲ, ಏನದು?

ತಯಾರಿ, ಸ್ಟೋರೇಜ್, ಸಾಗಣೆ, ಬಳಕೆ ಎಲ್ಲವನ್ನೂ ಒಂದೇ ಪ್ರದೇಶದಲ್ಲಿ ಒಟ್ಟಿಗೆ ಕಟ್ಟೋದು. ಉತ್ತರ ನೆದರ್ಲ್ಯಾಂಡ್ಸ್‌ನ ಗ್ರೋನಿಂಗನ್ ಸುತ್ತ ಹೆವನ್ ಅನ್ನೋ ಪ್ರಾಜೆಕ್ಟ್ 2020ರಲ್ಲಿ 20 ಮಿಲಿಯನ್ ಯೂರೋ ಯುರೋಪಿಯನ್ ನೆರವಿಂದ ಶುರುವಾಯ್ತು. ಅಲ್ಲಿ ಗ್ಯಾಸ್ ತೆಗೆದು ತೆಗೆದು ಭೂಕಂಪ ಶುರುವಾಗಿ, ಗ್ಯಾಸ್ ಗಣಿ ಮುಚ್ಚಬೇಕಾದ ಪರಿಸ್ಥಿತಿ ಇತ್ತು, ಪೈಪ್, ಬಂದರು, ಕೆಮಿಕಲ್ ಕಾರ್ಖಾನೆ, ಗ್ಯಾಸ್ ಗೊತ್ತಿರೋ ಕೆಲಸಗಾರರು ಎಲ್ಲ ಆಗ್ಲೇ ಇದ್ರು. ಹೆಸರನ್ನ ಕಾಪಿ ಮಾಡೋದು ಸುಲಭ, ಇವು ನಾಲ್ಕೂ ನಿಮ್ಮಲ್ಲಿ ಇವೆಯಾ ಅಂತ ಮೊದಲು ನೋಡ್ಕೊಳ್ಳಿ.

ನಮ್ಮಲ್ಲಿ ಎನರ್ಜಿ ನೋಡ್ಕೊಳ್ಳೋಕೆ ಇಬ್ಬರೇ ಇರೋದು. ಇಷ್ಟೆಲ್ಲ ಹೇಗೆ ಮಾಡೋದು?

ಇಬ್ಬರಿದ್ರೂ ಆಗತ್ತೆ, ಕನ್ಸಲ್ಟೆಂಟ್‌ಗೆ ಇಡೀ ಪ್ಲ್ಯಾನ್ ಒಪ್ಪಿಸಿ ಕೈ ತೊಳ್ಕೊಳ್ಳದಿದ್ರೆ. ಬಳಕೆಯ ಪಟ್ಟಿಯನ್ನ ನೀವೇ ಮಾಡಿ, ದೊಡ್ಡ 15-20 ಇಂಧನ ಬಳಕೆದಾರರ ಹತ್ರ ನೀವೇ ಹೋಗಿ ಬನ್ನಿ, ಸಾಮಾನ್ಯವಾಗಿ ಪ್ರದೇಶದ ಕೈಗಾರಿಕೆಯ ಬಹುಪಾಲು ಕಾರ್ಬನ್ ಅಷ್ಟರಲ್ಲೇ ಬಂದುಬಿಡತ್ತೆ. ಆ ಪಟ್ಟಿ ನಿಮ್ಮ ಕೈಲಿದ್ರೆ ಯಾವ ಕನ್ಸಲ್ಟೆಂಟ್ ಬಂದ್ರೂ, ಯಾವ ಕಂಪನಿ ಪವರ್‌ಪಾಯಿಂಟ್ ತೋರಿಸಿದ್ರೂ ನೀವು ಪ್ರಶ್ನೆ ಕೇಳಬಹುದು. ಮಾಡೆಲಿಂಗ್ ಕೆಲಸಕ್ಕೆ ಹತ್ತಿರದ ಯೂನಿವರ್ಸಿಟಿಯವರನ್ನ ಸೇರಿಸ್ಕೊಳ್ಳಿ. ಪಕ್ಕದ ಪ್ರದೇಶದವರ ಜೊತೆ ಒಂದೇ ಟೆಂಡರ್, ಒಂದೇ ಟ್ರೇನಿಂಗ್ ಮಾಡ್ಕೊಳ್ಳಿ, ಹೈಡ್ರೋಜನ್‌ಗೆ ಆಡಳಿತದ ಗಡಿ ಗೊತ್ತಾಗಲ್ಲ.

ಲೆಕ್ಕ ಎಲ್ಲ ಹಾಕಿ ನೋಡಿದ ಮೇಲೆ ನಮಗೆ ಸದ್ಯಕ್ಕೆ ಬೇಡ ಅಂತ ಬಂದ್ರೆ? ಅಷ್ಟು ದಿನದ ಕೆಲಸ ವೇಸ್ಟ್ ಆಯ್ತಾ?

ಇಲ್ಲ, ಖಂಡಿತ ಇಲ್ಲ. ಬೇಡ ಅನ್ನೋ ಉತ್ತರವನ್ನೂ ಪ್ಲ್ಯಾನ್‌ನಲ್ಲಿ ಕಾರಣ ಸಮೇತ ಬರೀರಿ, ಯಾವ ಅಂಕಿ ಬದಲಾದ್ರೆ ಮತ್ತೆ ನೋಡ್ಬೇಕು ಅಂತಾನೂ ಬರೀರಿ: ಕರೆಂಟ್ ರೇಟ್ ಇಷ್ಟಕ್ಕೆ ಇಳಿದ್ರೆ, ರಾಷ್ಟ್ರೀಯ ಪೈಪ್‌ಲೈನ್ ಈ ವರ್ಷ ಬಂದ್ರೆ, ಆ ಗೊಬ್ಬರದ ಪ್ಲ್ಯಾಂಟ್ ಹಳೇ ಯೂನಿಟ್ ತೆಗೆದು ಹೊಸದು ಹಾಕೋ ನಿರ್ಧಾರಕ್ಕೆ ಬಂದ್ರೆ. ಮತ್ತೆ ನೋಡೋ ತಾರೀಕನ್ನೂ ಹಾಕಿ. ಅಲ್ಲಿವರೆಗೆ ಆ ಹಣ ಗ್ರಿಡ್ ಬಲಪಡಿಸೋಕೆ, ಸೋಲಾರ್, ವಿಂಡ್ ಹಾಕೋಕೆ ಹೋಗ್ಲಿ, ಹೈಡ್ರೋಜನ್ ಬಂದ ದಿನ ಮೊದಲು ಬೇಕಾಗೋದು ಅದೇ. ನಾನು ಜೊತೆಗೆ ಕೂತಿದ್ದ ಒಂದು ಆಡಳಿತ ಹೀಗೇ ಮಾಡ್ತು, ಪ್ಲ್ಯಾನ್‌ನಲ್ಲಿ ಎಲೆಕ್ಟ್ರೊಲೈಜರ್‌ಗೆ ಅಂತ ಗುರುತಿಸಿದ್ದ ಜಾಗವನ್ನ ಖಾಲಿ ಇಟ್ಟು, ಅಲ್ಲಿಗೆ ಹೈಟೆನ್ಷನ್ ಲೈನ್ ಮತ್ತೆ ನೀರಿನ ಪೈಪ್ ಮಾತ್ರ ಎಳೆದಿಟ್ಟು, ಪಕ್ಕದ ಫ್ಯಾಕ್ಟರಿಗಳಿಗೆ ಎಲೆಕ್ಟ್ರಿಕ್ ಬಾಯ್ಲರ್ ಹಾಕಿಸೋ ಕೆಲಸ ಶುರು ಮಾಡ್ತು.